ಗಂಗಮಾಳವ್ವನ ಮೂರು ಒಗಟು

"ಕೇಳ್ರಪ್ಪೋ ಕೇಳಿ! ಹೊಂಬಳ್ಳಿ ದುರ್ಗದ ಮಹಾರಾಜರ ಅಪ್ಪಣೆ! ಆಸ್ಥಾನ ಪಂಡಿತರು ಕಟ್ಟಿದ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ! ಒಂದು ತಪ್ಪಿದರೂ ತಲೆ ಉಳಿಯೋದಿಲ್ಲ!"

ಆ ಡಂಗುರ ಅಂತಿಂಥದ್ದಲ್ಲ. ಒಂದೇಟು ಬಿದ್ದರೆ ಏಳು ಗುಡ್ಡದಾಚೆಯ ಗಬ್ಬದ ಎಮ್ಮೆ ಕರು ಹಾಕಿಬಿಡುತ್ತಿತ್ತು. ಅದನ್ನು ಕೇಳುತ್ತಲೇ ಸಣ್ಣೀರ ದುರ್ಗದ ಬಾಗಿಲು ದಾಟಿದ. ಆದರೆ ಅವನು ರಾಜಕುಮಾರಿಗಾಗಿ ಬಂದವನಲ್ಲ, ರಾಗಿಗಾಗಿ ಬಂದವನು.

ಅವನ ಅವ್ವ ಗಂಗಮಾಳವ್ವ ಮದುವೆ ಮನೆಗಳಿಗೆ ಒಗಟು ಕಟ್ಟಿಕೊಡುವವಳು. ಆ ಸೀಮೆಯಲ್ಲಿ ಮದುವೆ ಗಂಡನ್ನು ಹೊಸಲಲ್ಲಿ ತಡೆದು ಒಗಟು ಕೇಳುವುದು ಪದ್ಧತಿ. ಹೆಣ್ಣಿನ ಕಡೆಯವರು ಬಂದರೆ ಅವ್ವ ಒಗಟನ್ನು ಮೊದಲು ಹೇಳುವಳು. ಮೊರದ ತುಂಬ ರಾಗಿ ಬಂದ ಮೇಲೆ ಉತ್ತರವನ್ನು ಕಿವಿಯಲ್ಲಿ ಹೇಳುವಳು. ಹೋದ ಸುಗ್ಗಿಯಲ್ಲಿ ಜರತಾರಿ ಶಲ್ಯದ ಯಜಮಾನನೊಬ್ಬ ಮಗಳ ಮದುವೆ ಅಂತ ಬಂದು, ಮೂರು ಒಗಟು ಕೇಳಿಸಿಕೊಂಡು, "ನಾಳೆ ರಾಗಿ ಕಳಿಸ್ತೀನಿ" ಅಂತ ಹೋದವನು ಹೋದನೇ.

"ಒಂದೊಂದಕ್ಕೆ ಒಂದೊಂದು ತಿಂಗಳು ಕೂತಿದ್ದೆ ಕಣಪ್ಪ. ಹೋಗಿ ಹುಡುಕು" ಅಂದಿದ್ದಳು ಅವ್ವ. ಮನೆಯಲ್ಲಿ ಒಲೆ ಹಚ್ಚಿ ನಾಲ್ಕು ದಿನವಾಗಿತ್ತು.

ಅರಮನೆ ಅಂಗಳಕ್ಕೆ ಅವತ್ತೇ ಮೊದಲ ಸಲ ಊರವರನ್ನು ಬಿಟ್ಟಿದ್ದರು; ಜನವೋ ಜನ. ಮೇಲಿಂದ ಎಳ್ಳು ಎಸೆದರೆ ನೆಲ ಮುಟ್ಟಲು ಸಂಜೆಯಾಗಬೇಕು. ಸಣ್ಣೀರ ನುಸುಳಿಕೊಂಡು ಮುಂದೆ ಬರುವ ಹೊತ್ತಿಗೆ ಮಹಾರಾಜ ಮೊದಲ ಒಗಟು ಹೇಳುತ್ತಿದ್ದ: "ನಡೆದಷ್ಟೂ ಅದರ ಹೊಟ್ಟೆ ಬರಿದು. ಅದರ ಹೊಟ್ಟೆ ಬರಿದಾದಷ್ಟೂ ಊರಿನ ಮೈ ಬೆಚ್ಚಗೆ. ಏನದು?"

ಸಣ್ಣೀರ ಒಗಟು ಗುರುತಿಸಿದ. ಇದು ಅವ್ವಂದು!

"ಮೋಡ!" ಎಂದ ಮೀಸೆಯ ರಾಜಕುಮಾರನೊಬ್ಬ.

"ಮಳೇಲಿ ನೆಂದರೆ ಮೈ ಬೆಚ್ಚಗಾಗುತ್ತೇನಯ್ಯಾ?" ಎಂದು ಪಂಡಿತ ನಕ್ಕ. ತಲೆ ಉರುಳಿತು. ಉರುಳಿದ ಮೇಲೂ ಅರ್ಧ ಗಳಿಗೆ ಮೀಸೆ ತಾನೇ ತಿರುವಿಕೊಳ್ಳುತ್ತಿತ್ತು, ಅಂಥ ಮೀಸೆ.

ಎರಡನೆಯವನು ಲಾಳಿ ಎಂದ. ಸರಿ. ಮಹಾರಾಜ ಎರಡನೆಯ ಒಗಟು ತೆಗೆದ: "ಬದುಕಿದ್ದಾಗ ಅದರ ದನಿ ಒಂದು ಕೊಟ್ಟಿಗೆಗೆ ಕೇಳಿತು. ಸತ್ತ ಮೇಲೆ ಹನ್ನೆರಡು ಊರಿಗೆ ಕೇಳಿತು. ಏನದು?"

"ಶಂಖ!"

"ಶಂಖ ಯಾವ ಕೊಟ್ಟಿಗೇಲಿ ಮೇವು ತಿಂತಿತ್ತೋ?" ಎಂದ ಪಂಡಿತ. ಆ ತಲೆಯೂ ಹೋಯಿತು.

ಮದುವೆ ಹೊಸಲಲ್ಲಿ ನಗಿಸಲಿ ಅಂತ ಅವ್ವ ಕಟ್ಟಿದ ಮಾತಿಗೆ ರಕ್ತ ಹರಿಯುತ್ತಿತ್ತು.

ಅವತ್ತಿನ ಮೂರನೆಯವನು ಚಂದ್ರಗೊಂಡ, ತೇಪೆ ಹಾಕಿದ ಅಂಗಿಯ ಬಡ ಅರಸುಮಗ. ಅವನು ನಿಧಾನವಾಗಿ ಹೇಳಿದ: "ಮೊದಲನೆಯದು ಮಗ್ಗದ ಲಾಳಿ. ಓಡಾಡಿದಷ್ಟೂ ಹೊಟ್ಟೆಯ ನೂಲು ಖಾಲಿ, ಊರಿಗೆ ಬಟ್ಟೆ. ಎರಡನೆಯದು ತಮಟೆ. ಕೊಟ್ಟಿಗೆಯಲ್ಲಿ ಅಂಬಾ ಅಂದ ದನದ ಚರ್ಮವೇ ಅದು."

ಜನ ಹೋ ಎಂದರು. ಮಹಾರಾಜ ಮೂರನೆಯದನ್ನು ಹೇಳಿದ: "ಕೊಟ್ಟರೂ ಮನೆಯಲ್ಲೇ ಇರುತ್ತದೆ, ಕದ್ದರೂ ಮನೆಯಲ್ಲೇ ಇರುತ್ತದೆ. ಆದರೂ ಕದ್ದರೆ ಮನೆಯಾಕೆ ಉಪವಾಸ. ಏನದು?"

ಚಂದ್ರಗೊಂಡ ಕಣ್ಣು ಮುಚ್ಚಿದ, ತೆರೆದ. "ಹಾಡು."

ಸಣ್ಣೀರ ಚಪ್ಪಾಳೆ ತಟ್ಟಲು ಕೈ ಎತ್ತಿದ್ದ. ಅಷ್ಟರಲ್ಲಿ ಪಂಡಿತ, "ತಪ್ಪು! ಎಳೆದುಕೊಂಡು ಹೋಗಿ!" ಎಂದ.

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಸರಿಯಾದ ಉತ್ತರಕ್ಕೂ ಕತ್ತಿಯೇ?

"ತಡೀರಿ! ಅವರು ಹೇಳಿದ್ದು ಸರಿ!" ಎಂದು ಸಣ್ಣೀರ ಕೂಗಿಬಿಟ್ಟ.

"ಯಾರೋ ನೀನು?" ಎಂದು ಮಹಾರಾಜ ಗದರಿದ.

"ಆ ಒಗಟು ಕಟ್ಟಿದವಳ ಮಗ, ಬುದ್ಧಿ."

"ಸುಳ್ಳಾದರೆ ಇವನ ಜೊತೆ ನಿನ್ನ ತಲೆಯೂ ಹೋಗುತ್ತದೆ."

"ಹೋಗಲಿ ಬುದ್ಧಿ. ಮೊದಲು ಪಂಡಿತರ ಉತ್ತರ ಏನು, ಕೇಳಿ."

ಪಂಡಿತ ತಿರುಗಿ ನೋಡಿದ. ಹೋದ ಸುಗ್ಗಿಯಲ್ಲಿ ಮನೆಯಲ್ಲಿ ಕಂಡ ಅದೇ ಜರತಾರಿ ಶಲ್ಯ, ಅದೇ ಮೂಗು. ಸಣ್ಣೀರ ಕೈಮುಗಿದ: "ಸ್ವಾಮೀ, ಮಗಳ ಮದುವೆ ಚೆನ್ನಾಗಿ ಆಯ್ತಾ?"

"ಅವರಿಗೇ ಮದುವೆ ಆಗಿಲ್ಲ, ಮಗಳೆಲ್ಲಿಂದ ಬಂದಳಯ್ಯಾ?" ಎಂದ ಮಂತ್ರಿ.

"ಮೂರು ಒಗಟು ಒಯ್ಯೋವಾಗ ಇದ್ದಳು" ಎಂದ ಸಣ್ಣೀರ.

ಪಂಡಿತ ಬೆವರಿದ. ಬೆವರು ಹರಿದು ಅಂಗಳದಲ್ಲಿ ಕಾಲು ಜಾರುವಂತಾಯಿತು. "ಉತ್ತರ... ಉತ್ತರ ಬೆಂಕಿ! ಒಲೆಯ ಕೆಂಡ ಕೊಟ್ಟರೂ ಒಲೆಯಲ್ಲಿ ಬೆಂಕಿ ಇರುತ್ತದಲ್ಲ!"

"ಪಕ್ಕದ ಮನೆಯವಳು ಕೆಂಡ ಒಯ್ದರೆ ಯಾರಾದರೂ ಉಪವಾಸ ಬೀಳ್ತಾರಾ, ಸ್ವಾಮಿ? ಹಾಡು ಕದ್ದರೆ ಬೀಳ್ತಾರೆ. ಹಾಡು ನಾಲಿಗೆ ಮೇಲೇ ಇರ್ತದೆ, ಅದರ ಅನ್ನ ಮಾತ್ರ ಕದ್ದವನ ತಟ್ಟೆಗೆ ಹೋಗ್ತದೆ. ನೀವು ಉತ್ತರಕ್ಕೆ ಕಾಯಲಿಲ್ಲ. ಅವ್ವನಿಗೆ ರಾಗಿ ಕೊಡಬೇಕಾಗ್ತದಲ್ಲ! ಎರಡನ್ನು ಊಹಿಸಿದಿರಿ, ಮೂರನೆಯದು ನಿಮಗೇ ತಿಳಿಯಲಿಲ್ಲ."

ಆಗ ಕತ್ತಿ ಹಿಡಿದವನು ಮಂಡಿಯೂರಿದ. "ಬುದ್ಧೀ... ಇವರಿಗೂ ಮುಂಚೆ, ಅಂಗಳಕ್ಕೆ ಊರವರನ್ನು ಬಿಡದ ದಿನಗಳಲ್ಲಿ, ಏಳು ಜನ 'ಹಾಡು' ಅಂದಿದ್ದರು."

ಹಾರುತ್ತಿದ್ದ ಪಾರಿವಾಳ ರೆಕ್ಕೆ ಬಡಿಯುವುದನ್ನು ಮರೆತು ಗಾಳಿಯಲ್ಲೇ ನಿಂತಿತು.

ಪಂಡಿತನ ಶಲ್ಯ ಕಿತ್ತು ಅವನನ್ನು ಸೆರೆಮನೆಗೆ ನೂಕಿದರು. ರಾಜಕುಮಾರಿ ಚಂದ್ರಗೊಂಡನಿಗೆ ಎಂದಾಯಿತು. "ನಿನಗೇನು ಬೇಕು?" ಎಂದ ಮಹಾರಾಜ.

"ಅವ್ವನ ಒಗಟು ಕೇಳುವವರು ಅವಳ ಹೆಸರು ಹೇಳಿ, ಮೊರ ತುಂಬಿಸಿ ಕೇಳಲಿ. ಹಾಡು ಕಟ್ಟೋರು, ಗೊಂಬೆ ಕೆತ್ತೋರು, ಚಿತ್ರ ಬರೆಯೋರಿಗೂ ಹಾಗೇ ಆಗಲಿ."

ಹಾಗೆಯೇ ಡಂಗುರವಾಯಿತು. ಪಂಡಿತನ ಪೀಠ ಗಂಗಮಾಳವ್ವನದಾಯಿತು, ನಲವತ್ತು ಗಾಡಿ ರಾಗಿ ಅವಳ ಮಗನದಾಯಿತು. ಪಲ್ಲಕ್ಕಿಯಲ್ಲಿ ಬಂದಿಳಿದ ಅವ್ವನಿಗೆ ಸಣ್ಣೀರ ದಾರಿಯಲ್ಲೇ ಎಲ್ಲ ಹೇಳಿದ್ದ. ಅವಳ ಮುಖದಲ್ಲಿ ನಗು ಇರಲಿಲ್ಲ.

"ಇನ್ನೇನು ಬೇಕು ತಾಯಿ?" ಎಂದ ಮಹಾರಾಜ.

"ನನ್ನ ಒಗಟಿಗೆ ಸರಿಯಾಗಿ ಉತ್ತರ ಹೇಳಿ ಸತ್ತ ಏಳು ಮಕ್ಕಳ ಹೆಸರು ಹೇಳಿ, ಬುದ್ಧಿ. ನನ್ನ ಹೆಸರು ಸಾರಿದ ಹಾಗೆ ಅವರದನ್ನೂ ಸಾರಿಸಿ."

ಮಹಾರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ಕತ್ತಿಯವನ ಮುಖ ನೋಡಿದ. ಅರಮನೆಯಲ್ಲಿ ಒಬ್ಬನಿಗೂ ಒಂದು ಹೆಸರೂ ಗೊತ್ತಿರಲಿಲ್ಲ. ಆ ಏಳು ಜನ ಏರಿ ಬಂದ ಕುದುರೆಗಳು ಮಾತ್ರ ಲಾಯದಲ್ಲಿದ್ದವು.

ಮಹಾರಾಜ ಕಿರೀಟ ಕೆಳಗಿಟ್ಟ. ಒಂದು ಕುದುರೆಯ ಹಗ್ಗ ಬಿಚ್ಚಿ, ಅದು ತನ್ನೊಡೆಯನ ಮನೆ ಹುಡುಕಿಕೊಂಡು ಹೋದ ದಾರಿಯಲ್ಲೇ ಬರಿಗಾಲಲ್ಲಿ ಹಿಂದೆ ನಡೆದ. ಹನ್ನೊಂದು ದಿನ ನಡೆದು ಕುದುರೆ ಒಂದು ಮನೆಯ ಮುಂದೆ ನಿಂತು ಕೆನೆಯಿತು.

ಒಳಗಿಂದ ಮುದುಕಿಯೊಬ್ಬಳು ಓಡಿಬಂದಳು. "ಬಂದೆಯಾ ಮಗನೇ?" ಎಂದು ಬಾಗಿಲು ತೆಗೆದಳು.