ಕಂಟ್ರೋಲರ್ ಓಬಳೇಶಪ್ಪನೂ ಗಾಳಿದುರ್ಗದ ಹಾಸುಬಂಡೆಯೂ

ಓಬಳೇಶಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಮೂವತ್ತು ವರ್ಷ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ, ಎಷ್ಟು ಹೊತ್ತಿಗೆ ಹೊರಡುತ್ತೆ ಅಂತ ಮೈಕಿನಲ್ಲಿ ಕೂಗಿದವನು. ಕೆಲಸದಿಂದ ನಿವೃತ್ತಿ ಆಯಿತು, ಚಾಳಿಯಿಂದ ಆಗಲಿಲ್ಲ. "ಒಂದೂ ಹದಿನೈದಕ್ಕೆ ಊಟ ಅಂದಿದ್ದೆ, ಈಗ ಒಂದೂ ಇಪ್ಪತ್ತು" ಅಂತ ಮನೆಯಲ್ಲಿ ಮುದ್ದೆಗೂ ಟೈಮು ಹಿಡಿಯೋನು. ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ, ಬಿಡಿ.

ಅವನಿಗೊಬ್ಬಳು ಅಕ್ಕ, ಪಾಲಕ್ಕ. ತಾಯಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ, ಇವನಿಗೆ ಒಂದೂವರೆ. ಇವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಈಗ ಪಾಲಕ್ಕನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಕಣ್ಣಿನ ನರ ಸೋತಿದೆ. ಏನೇನು ನೋಡಬೇಕು ಅಂತ ಆಸೆ ಇದೆಯೋ ಈ ವರ್ಷವೇ ನೋಡಿಬಿಡಿ ತಾಯಿ" ಅಂದರು.

ಪಾಲಕ್ಕ ಕಾಶಿ ಕೇಳಲಿಲ್ಲ, ತಿರುಪತಿ ಕೇಳಲಿಲ್ಲ. "ಗಾಳಿದುರ್ಗದ ಮೇಲೆ ಅದೇನೋ ಚಿತ್ರ ಐತಂತಲ್ಲೋ, ಅದನ್ನ ಒಂದು ಸಲ ನೋಡ್ಬೇಕು" ಅಂದಳು.

ಗಾಳಿದುರ್ಗ ಅಂದರೆ ಆ ಸೀಮೆಯ ಒಂದು ಹಳೇ ಕೋಟೆ ಬೆಟ್ಟ. ಯಾವ ಪಾಳೇಗಾರ ಕಟ್ಟಿಸಿದನೋ ಯಾರಿಗೂ ಗೊತ್ತಿಲ್ಲ. ಬಿದ್ದ ಬುರುಜು, ಸೂರಿಲ್ಲದ ಅರಮನೆ, ಅರಮನೆಯ ಅಂಗಳದಲ್ಲಿ ಒಂದು ಅಗಲವಾದ ಹಾಸುಬಂಡೆ. ಆ ಬಂಡೆಯ ಮೇಲೆ ಯಾರೋ ಏನೋ ಕೆತ್ತಿದ್ದಾರೆ ಅಂತ ಸುದ್ದಿ. ಏನು ಕೆತ್ತಿದ್ದಾರೆ? ಮಜಾ ಇರೋದೇ ಅಲ್ಲಿ. ದರ್ಜಿ ಮಲಿಯಪ್ಪನನ್ನು ಕೇಳಿದರೆ "ಆನೆ" ಅಂದ, "ನಮ್ಮ ತಾತ ನೋಡಿದ್ದರು." ಹೂ ಮಾರುವಾಕೆ "ಕತ್ತಿ ಹಿಡಿದ ರಾಣಿ" ಅಂದಳು. ಬಸ್ಸಿನಲ್ಲಿ ಹೋಗಿ ಕಣ್ಣಾರೆ ನೋಡಿ ಬಂದವರು ಮಾತ್ರ ಎಲ್ಲರೂ ಒಂದೇ ಮಾತು ಹೇಳಿದರು: "ಏನೂ ಇಲ್ಲ ಕಣಯ್ಯ, ಬೋಳು ಬಂಡೆ."

ಇದೇನಪ್ಪಾ ಇದು! ನೋಡದವರಿಗೆ ಆನೆ ಕಾಣುತ್ತೆ, ನೋಡಿದವರಿಗೆ ಏನೂ ಕಾಣೋದಿಲ್ಲ. ಪಾಲಕ್ಕನ ಕುತೂಹಲ ಹೆಚ್ಚಾಗಿದ್ದೂ ಇದರಿಂದಲೇ.

ಓಬಳೇಶಪ್ಪ ಪಟ್ಟಿ ಬರೆಯಲು ಕೂತ. ಹೋಗುವುದು ಒಂದು ದಿನ, ಬರೆದದ್ದು ಹದಿನೈದು ದಿನ. ಎಂಟೂ ನಲವತ್ತಕ್ಕೆ ಬಸ್ಸು. ಹತ್ತೂ ಇಪ್ಪತ್ತಕ್ಕೆ ಬೆಟ್ಟದ ಬುಡ. ಹನ್ನೆರಡಕ್ಕೆ ಹಾಸುಬಂಡೆ. ಒಂದಕ್ಕೆ ಮೊಸರನ್ನ. ಎರಡೂವರೆಗೆ ಇಳಿಯುವುದು. ನಾಲ್ಕೂ ಹತ್ತಕ್ಕೆ ಕಡೇ ಬಸ್ಸು. ಎರಡು ಕೊಡೆ, ಊರುಗೋಲು, ಕಾಲುನೋವಿನ ಎಣ್ಣೆ, ಚಪ್ಪಲಿ ಕಿತ್ತರೆ ಇರಲಿ ಅಂತ ಸೇಫ್ಟಿ ಪಿನ್ನು. ಒಟ್ಟು ನಲವತ್ತೊಂದು ಸಾಲು.

ಪ್ರತಿ ಸಂತೆಯ ದಿನ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಗಂಗಮಾಳಮ್ಮ ಅನ್ನೋ ಕುರಿ ಕಾಯೋ ಹೆಂಗಸು ಕಂಬಳಿ ಮಾರೋಕೆ ಕೂರುತ್ತಿದ್ದಳು. ಅವಳ ಕುರಿಹಟ್ಟಿ ಇರೋದು ಗಾಳಿದುರ್ಗದ ನಡುಬೆಟ್ಟದಲ್ಲೇ. ಪಾಲಕ್ಕ, "ಅವಳನ್ನ ಒಂದು ಮಾತು ಕೇಳೋ" ಅಂದಳು.

ಓಬಳೇಶಪ್ಪ ನಕ್ಕ. "ಅಯ್ಯೋ ಅಕ್ಕ, ಅವಳ ಕೈಯಲ್ಲಿ ಗಡಿಯಾರವೇ ಇಲ್ಲ. ಟೈಮಿನ ವಿಚಾರ ಅವಳನ್ನ ಕೇಳಲಾ?"

ನೋಡಿದಿರಾ? ನಲವತ್ತೊಂದು ಸಾಲು ಬರೆಯೋಕೆ ಪುರುಸೊತ್ತು ಇತ್ತು, ಒಂದು ಮಾತು ಕೇಳೋಕೆ ಇರಲಿಲ್ಲ.

ಹೊರಟರು. ಪಟ್ಟಿಯಲ್ಲಿ ಇದ್ದ ಹಾಗೇ ಎಲ್ಲ ನಡೆಯಿತು. ಪಾಲಕ್ಕ ಏದುಸಿರು ಬಿಡುತ್ತಾ, ಮೆಟ್ಟಿಲಿಗೊಮ್ಮೆ "ಇನ್ನೆಷ್ಟು ದೂರವೋ" ಅನ್ನುತ್ತಾ ಹತ್ತಿದಳು. ಹನ್ನೆರಡು ಹೊಡೆಯೋಕೆ ಮೂರು ನಿಮಿಷ ಇರುವಾಗ ಅರಮನೆ ಅಂಗಳ ಸೇರಿದರು. ಓಬಳೇಶಪ್ಪನಿಗೆ ಬಹಳ ಖುಷಿ.

ಬಂಡೆಯ ಮೇಲೆ ಏನೂ ಇರಲಿಲ್ಲ.

ನೆತ್ತಿಯ ಮೇಲೆ ಸೂರ್ಯ. ಬಂಡೆ ಒಗೆದು ಹಾಸಿದ ಪಂಚೆಯ ಹಾಗೆ ಬೆಳ್ಳಗೆ ಬಿದ್ದಿತ್ತು. ದೂರದ ಬೆಟ್ಟ ನುಣ್ಣಗೆ ಅಂತಾರೆ, ಇಲ್ಲಿ ಹತ್ತಿರ ಬಂದು ನಿಂತರೂ ನುಣ್ಣಗೇ ಇತ್ತು. ಪಾಲಕ್ಕ ಬಗ್ಗಿ ನೋಡಿದಳು. ಕಣ್ಣುಜ್ಜಿಕೊಂಡು ನೋಡಿದಳು. ಆಮೇಲೆ ಮೆಲ್ಲಗೆ, "ಇದರ ಮೇಲೆ ಇಲ್ಲವೋ, ನನ್ನ ಕಣ್ಣಿಗೆ ಇಲ್ಲವೋ?" ಅಂತ ಕೇಳಿದಳು. ಓಬಳೇಶಪ್ಪನೂ ಅವಳ ಪಕ್ಕ ಬಗ್ಗಿ ನೋಡಿದ. "ನನಗೂ ಕಾಣಿಸ್ತಿಲ್ಲ ಅಕ್ಕ" ಅಂದ. ಮೊಸರನ್ನ ಇಬ್ಬರಿಗೂ ಇಳಿಯಲಿಲ್ಲ.

ಎರಡೂವರೆಗೆ ಏಳುವ ಹೊತ್ತಿಗೆ ಕುರಿ ಹೊಡೆದುಕೊಂಡು ಗಂಗಮಾಳಮ್ಮ ಬಂದಳು. ಇಬ್ಬರನ್ನೂ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದವಳು, ಗುರುತು ಹಿಡಿದಳು.

"ಚಿತ್ರ ನೋಡಕ್ಕೆ ಬಂದ್ರಾ ಯಜಮಾನ್ರೇ? ಈ ಸುಡು ಬಿಸಿಲಲ್ಲಿ ಏನ್ ಕಂಡೀತು? ಹೊತ್ತು ವಾಲಬೇಕು. ಬಿಸಿಲು ಮಗ್ಗುಲಿಂದ ಬಿದ್ದರೆ ಗೆರೆಗೆ ನೆರಳು ತುಂಬತೈತೆ, ಆಗ ಚಿತ್ರ ಏಳತೈತೆ. ಬಂದೋರೆಲ್ಲ ನಡುಮಧ್ಯಾಹ್ನ ಬರ್ತಾರೆ, ಬೈಕೊಂಡು ಹೋಗ್ತಾರೆ."

"ಯಾಕಮ್ಮ ಯಾರೂ ಹೇಳಲಿಲ್ಲ?" ಅಂದ ಓಬಳೇಶಪ್ಪ.

"ಯಾರೂ ಕೇಳಲಿಲ್ಲ. ನೀವೆಲ್ಲ ಬಸ್ಸಿನ ಹೊತ್ತು ನೋಡ್ಕೊಂಡು ಬರ್ತೀರಿ. ಬಂಡೆಗೆ ಯಾವ ಬಸ್ಸು, ಸ್ವಾಮಿ?"

ಓಬಳೇಶಪ್ಪ ಗಡಿಯಾರ ನೋಡಿದ. ಹೊತ್ತು ವಾಲೋದು ಐದರ ಮೇಲೆ. ಕಡೇ ಬಸ್ಸು ನಾಲ್ಕೂ ಹತ್ತಕ್ಕೆ. ಜೀವಮಾನದಲ್ಲಿ ಒಂದು ಬಸ್ಸನ್ನೂ ತಪ್ಪಿಸಿಕೊಳ್ಳದ ಮನುಷ್ಯ ಅವನು. ಪಾಲಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. "ನಡಿಯೋ, ಬಸ್ಸು ಹೋಗಿಬಿಡ್ತದೆ. ಬೆಟ್ಟ ಹತ್ತಿದೆನಲ್ಲ, ಅಷ್ಟೇ ಸಾಕು" ಅಂದಳು. ಸಾಕು ಅಂದವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಓಬಳೇಶಪ್ಪ ಜೇಬಿನಿಂದ ಪಟ್ಟಿ ತೆಗೆದ. ನಾಲ್ಕು ಮಡಿಕೆ ಮಡಿಚಿ ಕಾದ ಬಂಡೆಯ ಮೇಲೆ ಇಟ್ಟ. "ಇದರ ಮೇಲೆ ಕೂತ್ಕೋ ಅಕ್ಕ, ಸುಡೋದಿಲ್ಲ. ಬಸ್ಸು ನಾಳೆಯೂ ಬರುತ್ತೆ" ಅಂದ.

ಗಂಗಮಾಳಮ್ಮ, "ರಾತ್ರಿ ನಮ್ಮ ಹಟ್ಟಿಯಲ್ಲೇ ಇರಿ, ಕಂಬಳಿಗೇನು ಬರವಾ?" ಅಂದಳು.

ನಾಲ್ಕೂ ಹತ್ತಕ್ಕೆ ಕೆಳಗಿನಿಂದ ಬಸ್ಸಿನ ಹಾರನ್ ಕೇಳಿಸಿತು. ಓಬಳೇಶಪ್ಪನ ಕಾಲುಗಳು ತಾವಾಗೇ ಎದ್ದು ನಿಂತವು. ಪಾಪ, ಮೂವತ್ತು ವರ್ಷದ ಅಭ್ಯಾಸ. ತಾನೇ ಬಯ್ದುಕೊಂಡು ಕೂರಿಸಿದ.

ಐದಾಯಿತು. ಸೂರ್ಯ ಬುರುಜಿನ ಪಕ್ಕಕ್ಕೆ ಇಳಿದ. ಬಂಡೆಯ ಬಿಳಿ ಹೋಗಿ ಬೆಲ್ಲದ ಬಣ್ಣ ಬಂತು. ಮೊದಲು ಒಂದು ಗೆರೆ ಎದ್ದಿತು. "ಸೊಂಡಿಲಾ?" ಅಂದ ಓಬಳೇಶಪ್ಪ. ಸೊಂಡಿಲಲ್ಲ, ಜಡೆ. ಜಡೆಯ ಕೆಳಗೆ ಒಂದು ಬೆನ್ನು. ಆಮೇಲೆ ಒಂದು ಲಂಗ, ಎರಡು ಸಣ್ಣ ಪಾದ. ಆನೆಯೂ ಅಲ್ಲ, ರಾಣಿಯೂ ಅಲ್ಲ. ಮಂಚದಷ್ಟು ಉದ್ದಕ್ಕೆ ಒಬ್ಬಳು ಪುಟ್ಟ ಹುಡುಗಿ. ಅವಳ ಸೊಂಟದ ಮೇಲೆ ಅವಳಿಗೇ ಭಾರವಾಗುವಂಥ ಒಂದು ಕೂಸು.

ಮಬ್ಬುಗಣ್ಣಿಗೂ ಕಾಣುವಷ್ಟು ಕಪ್ಪಗೆ ನೆರಳು ತುಂಬಿತ್ತು. ಪಾಲಕ್ಕ ಬಂಡೆಯ ಮೇಲೆ ಕೂತು ಒಂದೊಂದೇ ಗೆರೆ ಬೆರಳಲ್ಲಿ ಸವರಿದಳು.

"ಲೋ ಓಬಳೇಶ, ಇದು ನಾನು ಕಣೋ! ಈ ಸೊಂಟದ ಮೇಲೆ ಇರೋನು ನೀನು. ನೋಡು, ಆಗಲೂ ಜಡೆ ಹಿಡಿದು ಎಳೀತಾ ಇದ್ದೀಯ!"

ಓಬಳೇಶಪ್ಪ ಅತ್ತುಬಿಟ್ಟ. ಮೈಕಿನಲ್ಲಿ ಇಡೀ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದವನು ಆವತ್ತು ಕೂಸಿನ ಹಾಗೆ ಅಕ್ಕನ ಸೆರಗಿನಲ್ಲಿ ಮುಖ ಒರೆಸಿಕೊಂಡ.

ಸೂರ್ಯ ಬುರುಜಿನ ಹಿಂದೆ ಜಾರಿದ. ಗೆರೆಗಳು ಒಂದೊಂದಾಗಿ ಬಂಡೆಯೊಳಗೆ ಹೋದವು. ಪಾಲಕ್ಕ ಕಣ್ಣೊರೆಸಿಕೊಂಡು ಕೇಳಿದಳು, "ಎಷ್ಟು ಹೊತ್ತು ಇತ್ತೋ ಅದು?"

"ಗಡಿಯಾರ ನೋಡಲಿಲ್ಲ ಅಕ್ಕ" ಅಂದ ಓಬಳೇಶಪ್ಪ.

ನೀತಿ: ಹೊರಡುವ ಮುಂಚೆ ಪಟ್ಟಿ ಬರೆದುಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಮೊದಲನೇ ಸಾಲಿಗೆ "ಅಲ್ಲಿಯವರನ್ನು ಕೇಳುವುದು" ಅಂತ ಬರೆಯಿರಿ, ಕೇಳಿದರೆ ಯಾರ ಗಂಟೂ ಹೋಗೋದಿಲ್ಲ. ನೋಡಬೇಕಾದದ್ದು ನಮ್ಮ ಹೊತ್ತಿಗೆ ಕಾಣಿಸೋದಿಲ್ಲ, ಅದರ ಹೊತ್ತಿಗೆ ನಾವು ಕಾಯಬೇಕು.