ಒಲೆ ಎದುರಿನ ಗೋಡೆ

"ಅಲ್ಲಯ್ಯಾ, ಒರಳು ಆಯ್ತು, ಬೀಸೋ ಕಲ್ಲು ಆಯ್ತು, ಇನ್ನೇನಿಡ್ಲಿ ಇನ್ನೇನಿಡ್ಲಿ ಅಂತ ಬೆಳಗ್ಗೆಯಿಂದ ತಲೆ ತಿಂತಿದೀಯಲ್ಲ, ನಾನೇನು ಪಾತ್ರೆ ಅಂಗಡಿ ಇಟ್ಟಿದೀನಾ?" ಅಂದೆ.

ಕೇಳ್ತಿದ್ದವನು ತೀರ್ಥೇಶ. ರಜೆ ದಿನ ನನ್ನ ಹತ್ರ ಗೊಂಬೆಮನೆ ಮಾಡೋದು ಕಲಿಯೋಕೆ ಬರ್ತಾನೆ. ಕೆಲಸ ಬಸ್ ಕಂಡಕ್ಟರು. ಇರೋ ಜಾಗದಲ್ಲಿ ಎಷ್ಟು ಬೇಕಾದ್ರೂ ತುಂಬಬಹುದು ಅನ್ನೋ ನಂಬಿಕೆ ಅಲ್ಲಿಂದ ಬಂದಿರ್ಬೇಕು. ನವರಾತ್ರಿಗೆ ಗೊಂಬೆ ಕೂರಿಸೋ ಅವನ ಅತ್ತೆಗೆ ಅಂತ ಹಳೇ ಕಾಲದ ಒಂದು ಅಡುಗೆಮನೆ ಮಾಡ್ತಿದ್ದ, ಮೊರದಷ್ಟು ಅಗಲದ್ದು.

"ಹಾಗಲ್ಲ ಮೇಷ್ಟ್ರೇ. ಹಳೇ ಅಡುಗೆಮನೆ ಪೂರ್ತಿ ಆಗ್ಬೇಕಾದ್ರೆ ಏನಿರ್ಬೇಕು? ಅದೊಂದು ಹೇಳ್ಬಿಡಿ."

ನಾನು ಉಳಿ ಕೆಳಗಿಟ್ಟು ಒಂದು ಕತೆ ಹೇಳ್ದೆ.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನು ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡ್ಲು. ಅಡುಗೆ ಅಕ್ಕನ ಕೈಗೆ ಬಂತು. ಅಕ್ಕನ ಕೈ ಅಡುಗೆ ಚೆನ್ನಾಗೇ ಇರ್ತಿತ್ತು. ಆದ್ರೆ ಆಗಾಗ ಸಾರಿಗೆ ಎರಡು ಸಲ ಉಪ್ಪು ಬೀಳ್ತಿತ್ತು. ಮಕ್ಕಳು ಮುಖ ಕಿವಿಚಿದ್ರೆ ಅಪ್ಪ ಮೆಲ್ಲಗೆ ಗದರ್ತಿದ್ದ: "ಸುಮ್ನೆ ಉಣ್ರೋ. ಪಾಪ, ಅಮ್ಮನ್ನ ನೆನೆಸ್ಕೊಂಡಿರ್ತಾಳೆ." ಎಲ್ಲರೂ ತಲೆ ತಗ್ಗಿಸಿ ಉಣ್ತಿದ್ರು. ಆಮೇಲೆ ನೀರು ಕುಡೀತಿದ್ರು, ಕುಡೀತಾನೇ ಇರ್ತಿದ್ರು.

ಕಾಲ ಕಳೀತು. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯ್ತು. ಅಕ್ಕನಿಗೆ ವಯಸ್ಸಾಗಿ ಮಾತು ಕಮ್ಮಿ ಆಯ್ತು. ಏನು ತೋರಿಸಿದ್ರೂ "ಚೆನ್ನಾಗಿದೆ" ಅಂತಿದ್ಲು, ಅಷ್ಟೇ. ಹೊಸ ಸೀರೆಗೂ ಅದೇ, ಮಾತ್ರೆಗೂ ಅದೇ. ವ್ಯಾಪಾರಿಗೆ ಇದ್ದಿದ್ದು ಒಂದೇ ಆಸೆ. ಆ ಹಳೇ ಅಡುಗೆಮನೆಯನ್ನ ಗೊಂಬೆಮನೆ ಮಾಡಿ ಅಕ್ಕನ ಮುಂದೆ ಇಡ್ಬೇಕು. ಅದನ್ನ ನೋಡಿ ಅವಳು "ನಮ್ಮನೆ ಕಣೋ" ಅನ್ಬೇಕು.

ಬಟ್ಟೆ ಅಳೆಯೋ ಗಜಕಡ್ಡಿ ಬಿಟ್ರೆ ಬೇರೆ ಮರ ಮುಟ್ಟಿದವನಲ್ಲ. ಆದ್ರೂ ಕೂತ. ಬ್ಲೇಡ್ ಚೂರಲ್ಲಿ ಈಳಿಗೆ ಮಣೆ ಮಾಡಿದ. ಅದು ಮೊದಲು ಹೆಚ್ಚಿದ್ದು ಅವನ ಹೆಬ್ಬೆರಳನ್ನ. ದಾರದಲ್ಲಿ ನೆಲುವು ಹೆಣೆದು, ಬೆಣ್ಣೆ ಗಡಿಗೆ ಅಂತ ಒಂದು ಮಣಿಯನ್ನ ಅದ್ರಲ್ಲಿ ತೂಗಿಬಿಟ್ಟ. ಉಪ್ಪಿನಕಾಯಿ ಜಾಡಿಗೆ ನಿಜವಾದ ಉಪ್ಪಿನಕಾಯಿ ರಸಾನೇ ಹಾಕಿದ, ಬೆಲ್ಲದ ಡಬ್ಬಿಗೆ ನಿಜವಾದ ಬೆಲ್ಲ. ಮರುದಿನ ನೋಡಿದ್ರೆ ಇರುವೆಗಳು ಗೃಹಪ್ರವೇಶ ಮುಗಿಸಿದ್ವು. ಗೋಡೆಗೆ ಹಳೇ ಮಸಿ ಬರ್ಲಿ ಅಂತ ಒಲೆ ಒಳಗೆ ಕರ್ಪೂರ ಹಚ್ಚಿದ. ಮಸಿ ಬಂತು. ಸೂರು ಹೋಯ್ತು. ಮತ್ತೆ ಸೂರು ಮಾಡಿದ.

ಗೊಂಬೆಮನೆಗೆ ಒಂದು ಕಡೆ ಗೋಡೆ ಬಿಡ್ಬೇಕಲ್ಲ, ನೋಡೋರಿಗೆ ಅಂತ? ಒಲೆ ಎದ್ದು ಕಾಣ್ಲಿ ಅಂತ ಒಲೆ ಮೇಲಿನ ಗೋಡೆಯನ್ನೇ ಕಟ್ಟದೆ ಬಿಟ್ಟ.

ನವರಾತ್ರಿ ಮೊದಲನೇ ದಿನ ಹೊತ್ಕೊಂಡು ಹೋಗಿ ಅಕ್ಕನ ಮನೆ ಗೊಂಬೆ ಮೆಟ್ಟಿಲ ಮೇಲೆ ಇಟ್ಟ. ಅಕ್ಕ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ್ಲು.

"ಚೆನ್ನಾಗಿದೆ. ಯಾರ ಮನೆ ಇದು?"

ವ್ಯಾಪಾರಿ ಹೆಬ್ಬೆರಳಿನ ಬ್ಯಾಂಡೇಜು ನೋಡ್ಕೊಂಡ. "ನಮ್ಮನೆ ಅಕ್ಕ! ನೆಲುವು ನೋಡು. ಆ ಉಪ್ಪಿನ ಮರಿಗೆ ನೋಡು."

"ಸಾಮಾನೆಲ್ಲ ನಮ್ದೇ. ಮನೆ ಯಾರದೋ. ನನ್ನ ಗೋಡೆ ಎಲ್ಲೋ?"

"ಗೋಡೆ ಇಟ್ರೆ ನೋಡೋರಿಗೆ ಹೇಗೆ ಕಾಣುತ್ತೆ ಅಕ್ಕ?"

"ನೋಡೋರೇನು ಅಡುಗೆ ಮಾಡಿದ್ರಾ? ನೀವೆಲ್ಲ ಹಿಂದೆ ಕೂತು ಉಣ್ತಿದ್ರಿ. ಪೂರ್ವಕ್ಕೆ ತಿರುಗಿ ಒಲೆ ಮುಂದೆ ನಾನು. ನನ್ನ ಕಣ್ಣ ಮುಂದೆ ಇದ್ದಿದ್ದು ಅದೊಂದೇ ಗೋಡೆ. ಅದರಲ್ಲೊಂದು ಹೊಗೆ ಕಿಂಡಿ ಇರ್ಲಿಲ್ವಾ? ಕಿಂಡಿ ಆಚೆಗೆ ಜಲಜಿ ಮನೆ ಹಿತ್ತಲು."

"ಯಾವ ಜಲಜಿ?"

"ಅಯ್ಯೋ, ಪಕ್ಕದ ಮನೆ ಹುಡುಗಿ ಕಣೋ. ಬಟ್ಟೆ ಒಗೆಯೋ ಕಲ್ಲು ಹತ್ತಿ ನಿಂತ್ಕೋತಿದ್ಲು. ನಾನು ಈ ಕಡೆ ಮಣೆ ಮೇಲೆ ಮಣೆ ಇಟ್ಕೊಂಡು ನಿಲ್ತಿದ್ದೆ. ಊರಿನ ಸುದ್ದಿಯೆಲ್ಲ ಆ ಕಿಂಡೀಲೇ ಬರ್ತಿತ್ತು. ನಗು ತಡೆಯೋಕೆ ಆಗದೆ ಸೆರಗು ಕಚ್ಕೊಂಡಿರ್ತಿದ್ದೆ. ಹೋಗುವಾಗ ಅವಳದೊಂದು ಮಾತು ತಪ್ತಾನೇ ಇರ್ಲಿಲ್ಲ, 'ಮುಕ್ತಾ, ಉಪ್ಪು ಹಾಕಿದ್ಯೇನೇ?' ಅಂತ. ಹಾಕಿದೀನೋ ಇಲ್ವೋ ನನಗೆಲ್ಲಿ ಜ್ಞಾಪಕ? ಇರ್ಲಿ ಅಂತ ಇನ್ನೊಂದಿಷ್ಟು ಹಾಕ್ತಿದ್ದೆ."

ವ್ಯಾಪಾರಿ ಆ ಉಪ್ಪಿನ ಮರಿಗೆ ಕಡೆ ನೋಡಿದ. "ಅಪ್ಪ ನಮ್ಮನ್ನ ಸುಮ್ನೆ ಉಣ್ಣಿ ಅಂತಿದ್ದ ಅಕ್ಕ. ನೀನು ಅಮ್ಮನ್ನ ನೆನೆಸ್ಕೊಂಡು ಅಳ್ತಿದೀಯ ಅಂತ."

"ಅದಕ್ಕೇನಾ ಯಾರೂ ಒಂದು ಮಾತೂ ಆಡ್ದೆ ಉಣ್ತಿದ್ದಿದ್ದು! ನಾನು ರುಚಿಯಾಗಿದೆ ಅನ್ಕೊಂಡಿದ್ದೆ."

ಅವನು ಗೊಂಬೆಮನೆ ವಾಪಸ್ ತಗೊಂಡು ಹೋದ. ಬಿಟ್ಟಿದ್ದ ಗೋಡೆ ಮಾಡಿ, ಅದರಲ್ಲೊಂದು ಕಿಂಡಿ ಕೊರೆದು, ಬಿಗಿಯಾಗಿ ಮುಚ್ಚಿ ತಂದಿಟ್ಟ. ನೆಲುವು ಕಾಣ್ಲಿಲ್ಲ, ಒಲೆ ಕಾಣ್ಲಿಲ್ಲ, ಈಳಿಗೆ ಮಣೆ ಕಾಣ್ಲಿಲ್ಲ. ಅರಿಸಿನ ಕುಂಕುಮಕ್ಕೆ ಬಂದೋರು ಸುತ್ತ ನೋಡಿ, "ಇದೇನ್ರೀ, ಡಬ್ಬ ಇನ್ನೂ ಬಿಚ್ಚಿಲ್ವಾ?" ಅಂದ್ರು. ವ್ಯಾಪಾರಿ ಹೌದು ಅನ್ನೋ ಹಾಗೆ ತಲೆ ಆಡಿಸಿದ.

ಬಂದೋರೆಲ್ಲ ಹೋದ ಮೇಲೆ ಅಕ್ಕ ಸೊಂಟ ಹಿಡ್ಕೊಂಡು ಬಗ್ಗಿದ್ಲು. ಕಿಂಡಿಗೆ ಬಾಯಿಟ್ಟು, ಒಳಗಿದ್ದೋರಿಗೆ ಮಾತ್ರ ಕೇಳೋ ಹಾಗೆ, "ಮುಕ್ತಾ, ಉಪ್ಪು ಹಾಕಿದ್ಯೇನೇ?" ಅಂದ್ಲು. ಆಮೇಲೆ ಸೆರಗು ಕಚ್ಕೊಂಡ್ಲು.

ಕತೆ ಇಷ್ಟೇ.

ತೀರ್ಥೇಶ ತನ್ನ ಗೊಂಬೆಮನೆ ಕಡೆ ನೋಡ್ದ. ಒಲೆ ಎದ್ದು ಕಾಣ್ತಿತ್ತು.

"ಸಾಮಾನು ಆಮೇಲೆ ಮಾಡುವೆಯಂತೆ," ಅಂದೆ. "ನೀನು ಬಿಟ್ಟಿರೋ ಗೋಡೆ ಯಾರ ಕಣ್ಣ ಮುಂದಿತ್ತು ಅಂತ ಮೊದಲು ಕೇಳ್ಕೊಂಡು ಬಾ."

ಅವನು ಅಂಟಿನ ಡಬ್ಬಿ ಮುಚ್ಚಿ ಎದ್ದು ಹೋದ.

ನನಗೆ ಖುಷಿಯಾಗಿತ್ತು. ಹೇಳಿದ ಮಾತು ಅಷ್ಟು ಸರಿಯಾಗಿ ಹೋಗಿ ಕೂರೋದು ಅಪರೂಪ. ಮಧ್ಯಾಹ್ನ ಮನೇಲಿ ಊಟಕ್ಕೆ ಕೂತಾಗ ನಮ್ಮನೆಯವಳಿಗೆ ಇಡೀ ಕತೆ ಹೇಳ್ದೆ, ಕೊನೇ ಮಾತನ್ನ ಎರಡು ಸಲ. ಅವಳು ಒಲೆ ಮುಂದೆ ನಿಂತು ಹಪ್ಪಳ ಕರೀತಿದ್ಲು. ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು. ನಾನೇನೂ ಅನ್ಲಿಲ್ಲ.

"ಚೆನ್ನಾಗಿದೆ," ಅಂದ್ಲು, ತಿರುಗದೆ. "ಎಲ್ಲಿ, ನಮ್ಮ ಒಲೆ ಎದುರಿನ ಗೋಡೇಲಿ ಏನಿದೆ ಹೇಳಿ ನೋಡೋಣ."

ನಾನು ಮೆಲ್ಲಗೆ ಕತ್ತು ಓರೆ ಮಾಡ್ದೆ.

ಅವಳು ಜಾಲರಿ ಸೌಟು ಹಿಡ್ಕೊಂಡೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅಡ್ಡ ನಿಂತ್ಲು. "ಇಣುಕೋ ಹಾಗಿಲ್ಲ ಮೇಷ್ಟ್ರೇ. ಕೂತಲ್ಲಿಂದಾನೇ ಹೇಳಿ."