ಹುಡೇವಿನ ತುದಿಯ ನಗಾರಿ

“ಗುರುಗಳೇ, ನಾಳೆ ನಾನು ಪೀಠ ಏರಬೇಕು. ಇವತ್ತೇ ಎದೆ ನಡುಗುತ್ತಿದೆ. ಅಷ್ಟು ಎತ್ತರದಲ್ಲಿ ಕುಳಿತ ಮೇಲೆ ಅಲುಗದೆ ಇರುವುದು ಹೇಗೆ?” ಎಂದು ಶಿಷ್ಯನು ಕೇಳಿದನು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ನೆತ್ತಿಯ ಮೇಲೆ ದೊಡ್ಡ ಕೆರೆಯಿತ್ತು. ಅದರ ಏರಿ ಒಡೆದರೆ ಕೆಳಗಿನ ಕೇರಿ ಉಳಿಯುವಂತಿರಲಿಲ್ಲ. ಅದಕ್ಕಾಗಿ ಹಿರಿಯರು ಊರ ನಡುವೆ ಹುಡೇವು, ಅಂದರೆ ಎತ್ತರದ ಕಾವಲು ಗೋಪುರ, ಕಟ್ಟಿಸಿ ಅದರ ತುದಿಯಲ್ಲಿ ನಗಾರಿ ಇರಿಸಿದ್ದರು. ನಗಾರಿ ಮೊಳಗಿದರೆ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ದಿಬ್ಬಕ್ಕೆ ಓಡಬೇಕೆಂಬುದು ಊರ ಕಟ್ಟಳೆ.

ಆ ಸೀಮೆಯಲ್ಲಿ ನೆಲ ಆಗಾಗ ಸಣ್ಣಗೆ ಕಂಪಿಸುತ್ತಿತ್ತು. ಕೆಳಗಿದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ. ತುದಿಯಲ್ಲಿದ್ದ ಕಾವಲುಗಾರನಿಗೆ ಮಾತ್ರ ನಗಾರಿ ಕಟ್ಟೆಯ ಮೇಲೆ ಜರುಗುವುದು ಕಾಣುತ್ತಿತ್ತು. ಅವನು ಕುಂಬಾರರ ಮನೆಯಲ್ಲಿ ಹುಟ್ಟಿದವನು. ನಗಾರಿಯ ಅಡಿಗೆ ಹುಲ್ಲಿನ ಸಿಂಬೆ ಇಟ್ಟು, ಸುತ್ತಲೂ ತೊಗಲಿನ ಮಿಣಿ ಎಳೆದು ಗೋಡೆಯ ಗೂಟಗಳಿಗೆ ಬಿಗಿದನು. ದಿನವೂ ಮಿಣಿಗೆ ಎಣ್ಣೆ ಸವರಿ, ಗೂಟ ಸಡಿಲವಾಗಿದೆಯೇ ಎಂದು ನೋಡುತ್ತಿದ್ದನು.

ಊರವರಿಗೆ ಇದು ನಗೆಯ ಮಾತಾಯಿತು. ಒಮ್ಮೆ ಗೌಡನೇ ಮೇಲೇರಿ ಬಂದು ಕೇಳಿದನು: “ಏನೋ ತಮ್ಮಾ, ನಗಾರಿ ಏನ್ ಹೋರಿ ಏನು? ಮೂಗದಾಣ ಒಂದು ಹಾಕೋದು ಉಳಿದೈತಿ ನೋಡು. ಗಚ್ಚಿನ ಗ್ವಾಡಿ ಐತಿ, ಹುಡೇವು ಬೀಳಾಂಗಿಲ್ಲ.”

“ಹುಡೇವು ಬೀಳಾಂಗಿಲ್ರೀ ಗೌಡ್ರ. ಆದ್ರ ಗಾಡಿ ಕುಲುಕಿದಾಗ ತಳದ ಗಡಿಗಿ ಅಲ್ಲೇ ಕುಂತಿರತೈತಿ, ತುದಿಗಿನ ಗಡಿಗಿ ಉರುಳತೈತಿ. ಅದನ್ನ ಬಿಗಿದ ಮ್ಯಾಲೇ ನಮ್ಮಪ್ಪ ಗಾಡಿ ಹೂಡತಿದ್ದ.”

ಗೌಡನು ನಗುತ್ತಾ ಇಳಿದು ಹೋದನು.

ಮಳೆಗಾಲ ಕಳೆದು ಕೆರೆ ತುಂಬಿದ್ದಾಗ ಒಂದು ಮಧ್ಯಾಹ್ನ ಭೂಮಿ ನಿಜವಾಗಿಯೂ ನಡುಗಿತು. ಹುಡೇವು ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ತೂಗಿತು. ಕಾವಲುಗಾರನು ಈ ಗೋಡೆಗೂ ಆ ಗೋಡೆಗೂ ಬಡಿದು ಬಿದ್ದನು. ನೀರಿನ ಕೊಡ ಚೂರಾಯಿತು. ನಗಾರಿ ಸಿಂಬೆಯ ಮೇಲೆ ಕುಣಿಯಿತು, ಮಿಣಿಗಳನ್ನು ಜಗ್ಗಿತು, ಆದರೆ ಬೀಳಲಿಲ್ಲ.

ನಡುಕ ನಿಂತ ಮೇಲೆ ಅವನು ಕಿಂಡಿಯಿಂದ ನೋಡಿದನು. ಕೆರೆಯ ಏರಿ ಬಿರುಕು ಬಿಟ್ಟು ನೀರು ಜಿನುಗುತ್ತಿತ್ತು. ಕೆಳಗಿನ ಕೇರಿಯ ಜನ ಅದನ್ನು ಕಾಣದೆ, ಗಂಡಾಂತರ ಕಳೆಯಿತೆಂದು ಮನೆಗಳ ಮುಂದೆ ಮಾತಾಡುತ್ತಾ ನಿಂತಿದ್ದರು. ಬಾಣಂತನಕ್ಕೆ ಬಂದಿದ್ದ ಅವನ ಮಗಳೂ ಕೂಸನ್ನೆತ್ತಿಕೊಂಡು ಅವರ ನಡುವೆ ಇದ್ದಳು.

ಅವನು ಬಡಿಗೋಲುಗಳಿಗೆ ಕೈ ಚಾಚಿದನು. ಅವು ಇರಲಿಲ್ಲ. ನಗಾರಿಯನ್ನು ಅಷ್ಟು ಜೋಪಾನವಾಗಿ ಕಟ್ಟಿದವನು ಕೋಲುಗಳನ್ನು ಕಟ್ಟಲು ಮರೆತಿದ್ದನು. ಅವು ಕಿಂಡಿಯಿಂದ ಹಾರಿಹೋಗಿದ್ದವು. ಎಂಥ ಗಟ್ಟಿ ಜೀವ ಅದು! ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಮುಷ್ಟಿ ಬಿಗಿದು ನಗಾರಿ ಬಡಿದನು. ಕೈಯ ಚರ್ಮ ಸುಲಿದ ಮೇಲೂ ಬಡಿಯುತ್ತಲೇ ಇದ್ದನು. ಕೇರಿಯ ಜನ ಕೂಸುಕುನ್ನಿಗಳೊಡನೆ ದಿಬ್ಬಕ್ಕೆ ಓಡಿದರು. ಕಟ್ಟಕಡೆಯ ಮುದುಕಿ ದಿಬ್ಬ ಹತ್ತಿದ ಮೇಲೆ ಕೇರಿಗೆ ನೀರು ನುಗ್ಗಿತು.

ಸಂಜೆ ಗೌಡನು ಮತ್ತೆ ಹುಡೇವು ಹತ್ತಿ ಬಂದನು. ತನ್ನ ರುಮಾಲು ಬಿಚ್ಚಿ ಎರಡಾಗಿ ಹರಿದು, ಅವನ ಕೈಗಳಿಗೆ ತಾನೇ ಸುತ್ತಿದನು.

ಕತೆ ಕೇಳಿದ ಶಿಷ್ಯನ ಕಣ್ಣು ತುಂಬಿದವು. “ಗುರುಗಳೇ, ನಾನೂ ಅವನಂತೆ ಅಲುಗದೆ ಇರಬಲ್ಲೆನೇ?” ಎಂದನು.

ಗುರುಗಳು ಹೇಳಿದರು: “ಅಂದು ಎಲ್ಲರಿಗಿಂತ ಹೆಚ್ಚು ಅಲುಗಿದವನು ಅವನೇ ಮಗು, ಊರಿಗೆ ಕೇಳಿಸಿದ್ದು ಮಾತ್ರ ನಗಾರಿ.”